ಕಾಬಾಳೆ ಗಡ್ಡೆ ಬೇಯಿಸಿದೆ, ಬರೀ ನಾರು. ತಿನ್ನುವ ಜಾತಿ ಬೇರೆ ಇದೆಯಾ?

ಹಿತ್ತಲಗಿಡ_ಮೈಸೂರು
ಎಲ್ಲರಿಗೂ ನಮಸ್ಕಾರ. ಪಾರ್ಕಲ್ಲೆಲ್ಲ ಹಳದಿ, ಕೆಂಪು ದೊಡ್ಡ ಹೂ ಬಿಡುತ್ತಲ್ಲ, ಕ್ಯಾನಾ ಅಂತಾರೆ, ನಮ್ಮ ಮನೆಯಲ್ಲಿ ಕಾಬಾಳೆ ಅಂತೀವಿ. ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅದು ಐದಾರು ವರ್ಷದಿಂದ ಪೊದೆ ಕಟ್ಟಿಕೊಂಡಿದೆ. ಅದರ ಗಡ್ಡೆ ತಿನ್ನಬಹುದು, ಪೆರು ದೇಶದಲ್ಲಿ ಗೆಣಸಿನ ತರ ಬೇಯಿಸಿ ತಿನ್ನುತ್ತಾರೆ ಅಂತ ಓದಿದ್ದೆ. ಹೋದ ಭಾನುವಾರ ಗುದ್ದಲಿ ಹಿಡಿದು ಒಂದು ಬುಡ ಅಗೆದೇಬಿಟ್ಟೆ.

ಒಂದು ಬುಟ್ಟಿ ಗಡ್ಡೆ ಬಂತು. ಶುಂಠಿ ತರ ಕವಲು ಕವಲು, ಆದರೆ ಬೆರಳಿಗಿಂತ ಸ್ವಲ್ಪ ದಪ್ಪ ಅಷ್ಟೇ. ತೊಳೆದು, ಬೇರು ಕಿತ್ತು, ಉಪ್ಪು ಹಾಕಿ ಕುಕ್ಕರ್‌ನಲ್ಲಿ 4 ವಿಷಲ್ ಕೂಗಿಸಿದೆ. ಚಾಕು ಹಾಕಿದರೆ ಒಳಗೆ ಅಂಟಂಟು, ಸುತ್ತ ಎಳೆ ಎಳೆ ನಾರು. ರುಚಿ ಕೆಟ್ಟದಾಗಿರಲಿಲ್ಲ, ಸ್ವಲ್ಪ ಸಿಹಿ ಇತ್ತು. ಆದರೆ ಅಗಿದು ಅಗಿದು ಕೊನೆಗೆ ಬಾಯಲ್ಲಿ ನಾರಿನ ಉಂಡೆ ಉಳಿಯಿತು. ಮಕ್ಕಳು ಒಂದು ತುತ್ತಿಗೆ ತಟ್ಟೆ ಸರಿಸಿದರು. ಅತ್ತೆ "ಹೂವಿನ ಗಿಡಾನ ಯಾರಾದರೂ ತಿಂತಾರಾ" ಅಂತ ಬೈದರು.

ಈಗ ಕೇಳಬೇಕಾಗಿದ್ದು, ನನ್ನ ಹತ್ತಿರ ಇರೋದು ತಿನ್ನುವ ಜಾತಿನಾ ಅಲ್ವಾ? ಬೇಯಿಸಿದ್ದು ಕಡಿಮೆ ಆಯ್ತಾ? ಯಾರಾದರೂ ಮನೆಯಲ್ಲಿ ಬೆಳೆದು ತಿಂದವರಿದ್ದರೆ ದಯವಿಟ್ಟು ಹೇಳಿ.

ಹಾಸನದ_ಹುಡುಗ
ಅಕ್ಕ, ದಯವಿಟ್ಟು ಮತ್ತೆ ತಿನ್ನಬೇಡಿ. ಕ್ಯಾನಾ ಲಿಲಿ ಅಂದರೆ ಲಿಲಿ ಜಾತಿ. ಲಿಲಿ ಗಡ್ಡೆಗಳು ವಿಷ. ಬಾಯಿ ಗಂಟಲು ಊದಿಕೊಳ್ಳುತ್ತೆ. ಮಕ್ಕಳಿಗೆ ಬೇರೆ ಕೊಟ್ಟಿದ್ದೀರಿ.

ಬಾಟನಿ_ಮೇಷ್ಟ್ರು
ಹುಡುಗ, ನಿಮ್ಮ ಕಾಳಜಿ ಒಳ್ಳೆಯದು, ಆದರೆ ಇಲ್ಲಿ ಹೆಸರು ಅದಲುಬದಲಾಗಿದೆ. ಗಂಟಲು ಊದಿಸೋದು ಕ್ಯಾಲಾ ಲಿಲಿ. ಅದು ಕೆಸುವಿನ ಕುಟುಂಬದ್ದು, ಅದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳು ಇರುತ್ತವೆ. ಇದು ಕ್ಯಾನಾ. ಹೆಸರಿಗೆ ಮಾತ್ರ ಲಿಲಿ ಸೇರಿಸುತ್ತಾರೆ, ಲಿಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಬಾಳೆ, ಶುಂಠಿ, ಅರಿಶಿನ ಇದರ ನೆಂಟರು. ಎಲೆ ನೋಡಿದರೇ ಗೊತ್ತಾಗುತ್ತೆ ಅಲ್ವಾ, ಸುರುಳಿಯಾಗಿ ಬಿಚ್ಚಿಕೊಳ್ಳೋದು ಥೇಟ್ ಬಾಳೆ ಎಲೆ ತರ.

ಒಂದೇ ಒಂದು ಎಚ್ಚರಿಕೆ. ಹೂ ಬಿಟ್ಟಾಗ ಗುರುತಿಸಿದ ಗಿಡವನ್ನೇ ಅಗೆಯಿರಿ. ಹಿತ್ತಲಲ್ಲಿ ಗೌರಿ ಹೂ, ಅಂದರೆ ಅಗ್ನಿಶಿಖೆ ಇದ್ದರೆ ಅದರ ಗಡ್ಡೆ ಪ್ರಾಣಕ್ಕೇ ಅಪಾಯ. ನೋಡೋಕೆ ಬೇರೆಯೇ, ಆದರೆ ಮಣ್ಣಿನಡಿ ಎರಡೂ ಹೆಣೆದುಕೊಂಡಿದ್ದರೆ ಕತ್ತಲಲ್ಲಿ ಕೈ ಹಾಕಿದ ಹಾಗೆ.

ಹಾಸನದ_ಹುಡುಗ
ಸರಿ ಸರ್, ಗೊತ್ತಿರಲಿಲ್ಲ. ನಾನು ನೋಡಿದ್ದ ವಿಡಿಯೋದಲ್ಲಿ ಕ್ಯಾಲಾ ಅಂತಲೇ ಇತ್ತೇನೋ, ನಾನೇ ತಪ್ಪಾಗಿ ಕೇಳಿಸಿಕೊಂಡೆ.

ಪುತ್ತೂರು_ತೋಟ
ಇದು ನಮ್ಮ ಕೂವೆ ಅಲ್ವಾ? ನಾವು ಸಣ್ಣವರಿದ್ದಾಗ ಬೇಸಿಗೆಯಲ್ಲಿ ಅಜ್ಜಿ ಕೂವೆ ಹಿಟ್ಟು ತೆಗೆಯುತ್ತಿದ್ದರು. ಹೊಟ್ಟೆ ಕೆಟ್ಟರೆ ಕೂವೆ ಗಂಜಿ, ಸೆಕೆಗೆ ಕೂವೆ ನೀರು, ಹಬ್ಬಕ್ಕೆ ಕೂವೆ ಮಣ್ಣಿ. ಬೇಯಿಸಿ ಯಾರೂ ತಿನ್ನಲ್ಲ ಇದನ್ನ. ಹಿಟ್ಟು ತೆಗೆಯಬೇಕು.

ಸೊಪ್ಪಿನಬೆಟ್ಟ_ಸಿರಸಿ
ಅಲ್ಲ ಅಲ್ಲ. ಕೂವೆ ಬೇರೆ, ಕಾಬಾಳೆ ಬೇರೆ. ಕೂವೆ ಗಿಡ ಸೊಂಟದೆತ್ತರ, ಎಲೆ ಸಣ್ಣ, ಹೂ ಬಿಳಿ, ಕಂಡೂ ಕಾಣದಷ್ಟು ಚಿಕ್ಕದು. ಗಡ್ಡೆ ಉದ್ದ, ಬಿಳಿ, ಮೇಲೆ ತೆಳ್ಳಗೆ ಪೊರೆ ಪೊರೆ. ಕಾಬಾಳೆ ಆಳೆತ್ತರ ಹೋಗುತ್ತೆ.

ಪುತ್ತೂರು_ತೋಟ
ನಮ್ಮಲ್ಲಿ ಕೂವೆ ಅನ್ನೋದಕ್ಕೆ ಅರಿಶಿನದ ಎಲೆ ತರಾನೇ ಎಲೆ. ಮೊದಲ ಮಳೆ ಬಿದ್ದ ಮೇಲೆ ನೆಲದಿಂದ ನೇರ ಗುಲಾಬಿ ಬಣ್ಣದ ಹೂ ಮೇಲೆ ಬರುತ್ತೆ. ನೀವು ಹೇಳೋದು ಯಾವುದು ಹಾಗಾದರೆ?

ಬಾಟನಿ_ಮೇಷ್ಟ್ರು
ಇಬ್ಬರೂ ಸರಿ. ಕೂವೆ ಅನ್ನೋದು ಗಿಡದ ಹೆಸರಿಗಿಂತ ಹಿಟ್ಟಿನ ಹೆಸರು. ಸಿರಸಿಯವರು ಹೇಳಿದ್ದು ಮರಾಂಟಾ ಅರುಂಡಿನೇಸಿಯಾ, ವೆಸ್ಟ್ ಇಂಡೀಸ್ ಕಡೆಯಿಂದ ಬಂದ ಅಸಲಿ ಆರಾರೂಟ್. ಪುತ್ತೂರಿನವರು ಹೇಳಿದ್ದು ಕುರ್ಕುಮಾ, ಅರಿಶಿನದ ಕಾಡು ತಂಗಿ. ಅದು ನಮ್ಮ ಕಾಡಿನದ್ದೇ. ಅದರಲ್ಲಿ ಕಹಿ ಇರೋದರಿಂದ ಏಳೆಂಟು ಸಲ ನೀರು ಬದಲಿಸಬೇಕು. ಮೂರನೆಯದು ಈ ಕ್ಯಾನಾ. ಮೂರರಿಂದಲೂ ಬಿಳಿ ಹಿಟ್ಟು ಬರುತ್ತೆ, ಹಾಗಾಗಿ ಲೋಕದ ತುಂಬ ಇದೇ ಗೊಂದಲ. ಆಸ್ಟ್ರೇಲಿಯಾದಲ್ಲಿ ಕ್ಯಾನಾವನ್ನೇ ಕ್ವೀನ್ಸ್‌ಲ್ಯಾಂಡ್ ಆರಾರೂಟ್ ಅಂತ ಕರೆದರು.

ಇನ್ನು ಮೂಲ ಪ್ರಶ್ನೆ. ಮೇಡಂ, ನಿಮ್ಮದು ಅಲಂಕಾರದ ಗಿಡ. ದೊಡ್ಡ ಹೂ ಬರಲಿ ಅಂತ ನೂರೈವತ್ತು ವರ್ಷಕ್ಕೂ ಮೇಲೆ ಮಿಶ್ರತಳಿ ಮಾಡುತ್ತಾ ಬಂದಿದ್ದಾರೆ. ಆ ಸಾಲಿನಲ್ಲಿ ಗಡ್ಡೆಯ ಕಡೆ ಯಾರೂ ನೋಡಲಿಲ್ಲ. ವಿಷ ಅಲ್ಲ, ಆದರೆ ಸಣ್ಣ, ನಾರು ಜಾಸ್ತಿ. ತಿನ್ನುವ ಜಾತಿಯನ್ನು ಮೊದಲು ಕ್ಯಾನಾ ಎಡುಲಿಸ್ ಅಂತ ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಈಗ ಹೆಚ್ಚಿನವರು ಕ್ಯಾನಾ ಇಂಡಿಕಾದ ಒಳಗೇ ಸೇರಿಸುತ್ತಾರೆ. ಗುರುತು ಸುಲಭ. ಹೂ ಚಿಕ್ಕದು, ಎಸಳು ಕಡ್ಡಿ ತರ ಸಪೂರ, ಕೆಂಪು ಇಲ್ಲ ಕಿತ್ತಳೆ. ಎಲೆ ಅಗಲ, ಹಸಿರು, ಅಂಚಿಗೆ ನೇರಳೆ ಗೆರೆ. ಗಡ್ಡೆ ಮುಷ್ಟಿ ಗಾತ್ರ, ಕೆಲವು ಇನ್ನೂ ದೊಡ್ಡವು.

ಹೆಸರಲ್ಲಿ ಇಂಡಿಕಾ ಇದೆ ಅಂತ ನಮ್ಮದು ಅಂದುಕೊಳ್ಳಬೇಡಿ. ಗಿಡದ ತವರು ದಕ್ಷಿಣ ಅಮೆರಿಕ, ಅಲ್ಲಿ ಅಚಿರಾ ಅಂತಾರೆ. ಪೆರುವಿನ ಕರಾವಳಿಯಲ್ಲಿ ಸುಮಾರು 4000 ವರ್ಷ ಹಿಂದಿನ ಗಡ್ಡೆಯ ಒಣಗಿದ ತುಂಡುಗಳು ಸಿಕ್ಕಿವೆ. ಕುಸ್ಕೊ ಊರಿನಲ್ಲಿ ಜೂನ್ ಹೊತ್ತಿಗೆ ಕ್ರೈಸ್ತರ ಕಾರ್ಪಸ್ ಕ್ರಿಸ್ಟಿ ಹಬ್ಬ ಬಂದಾಗ ಇವತ್ತಿಗೂ ಮಣ್ಣಿನ ಒಲೆಯಲ್ಲಿ ಸುಟ್ಟ ಅಚಿರಾ ರಾಶಿ ಹಾಕಿ ಮಾರುತ್ತಾರೆ.

ಹಿತ್ತಲಗಿಡ_ಮೈಸೂರು
ಮೇಷ್ಟ್ರೇ, ಎಷ್ಟು ವಿವರವಾಗಿ ಹೇಳಿದ್ದೀರಿ, ತುಂಬ ಧನ್ಯವಾದ. ನನ್ನದು ಅಂಗೈಯಗಲದ ಹಳದಿ ಹೂ, ಮೇಲೆ ಕೆಂಪು ಚುಕ್ಕೆ. ಹಾಗಾದರೆ ಹೂವಿನ ಜಾತಿಯೇ.

ನೀರಿನ_ಎಂಜಿನಿಯರ್
ಎಲ್ಲರೂ ಜಾತಿ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಮೊದಲ ಸಾಲಿನಲ್ಲೇ ಗಾಬರಿ ಆಯ್ತು. "ಬಟ್ಟೆ ಒಗೆಯುವ ಕಲ್ಲಿನ ಪಕ್ಕ" ಅಂದಿದ್ದೀರಿ. ನಾನು ಕೊಳಚೆ ನೀರು ಶುದ್ಧ ಮಾಡುವ ಕೆಲಸದಲ್ಲಿ ಇರೋನು. ಜಲ್ಲಿಕಲ್ಲಿನ ತೊಟ್ಟಿಯಲ್ಲಿ ಬೇಕಂತಲೇ ಕ್ಯಾನಾ ನೆಡುತ್ತೇವೆ. ಯಾಕೆ ಗೊತ್ತಾ? ಕೊಳಕು ನೀರಲ್ಲೂ ಸೊಕ್ಕಿ ಬೆಳೆಯುತ್ತೆ, ನೀರಲ್ಲಿರೋ ಸಾರಜನಕ, ರಂಜಕ ಹೀರಿಕೊಳ್ಳುತ್ತೆ. ಸೀಸ, ಕ್ಯಾಡ್ಮಿಯಂ ಇದ್ದರೆ ಅದನ್ನೂ ಬೇರಲ್ಲಿ, ಗಡ್ಡೆಯಲ್ಲಿ ಹಿಡಿದಿಟ್ಟುಕೊಳ್ಳುತ್ತೆ. ಅಂಥ ಜಾಗದ ಗಡ್ಡೆ ದಯವಿಟ್ಟು ತಿನ್ನಬೇಡಿ. ರಸ್ತೆ ಬದಿಯದು, ಚರಂಡಿ ಬದಿಯದು, ಪಾರ್ಕಿನದು ಯಾವುದೂ ಬೇಡ.

ಮಂಡ್ಯ_ಕಬ್ಬು
ಸರ್, ಇದು ಸ್ವಲ್ಪ ಅತಿ ಆಯ್ತು. ನಮ್ಮ ಊರಲ್ಲಿ ಬಚ್ಚಲು ನೀರಿಗೆ ಬಾಳೆ ಹಾಕದ ಮನೆಯೇ ಇಲ್ಲ. ತಾತನ ಕಾಲದಿಂದ ಅದೇ ಬಾಳೆಹಣ್ಣು ತಿಂದು ಬೆಳೆದಿದ್ದೀವಿ. ಏನೂ ಆಗಿಲ್ಲ.

ನೀರಿನ_ಎಂಜಿನಿಯರ್
ಬಾಳೆಹಣ್ಣು ನೆಲದಿಂದ ಆರಡಿ ಎಂಟಡಿ ಮೇಲೆ ಇರುತ್ತೆ. ಗಡ್ಡೆ ಆ ನೀರಿನ ಕೆಸರಲ್ಲೇ ಕೂತಿರುತ್ತೆ. ಎರಡೂ ಒಂದೇ ಹೇಗೆ ಆಗುತ್ತೆ? ಅದೂ ಅಲ್ಲದೆ ತಾತನ ಕಾಲದ ಬಚ್ಚಲಲ್ಲಿ ಸೀಗೆಪುಡಿ, ಕಡ್ಲೆಹಿಟ್ಟು ಇತ್ತು. ಈಗ ಡಿಟರ್ಜೆಂಟು, ಬ್ಲೀಚು, ಫಿನೈಲು. ಅಕ್ಕಿ ಬೇಳೆ ತೊಳೆದ ನೀರು ಬಿಡಿ, ಅದಕ್ಕೆ ನನ್ನ ತಕರಾರಿಲ್ಲ.

ಮಂಡ್ಯ_ಕಬ್ಬು
ಗಡ್ಡೆ ವಿಷಯದಲ್ಲಿ ನೀವು ಹೇಳೋದು ಒಪ್ಪುತ್ತೀನಿ. ಬಾಳೆ ವಿಷಯದಲ್ಲಿ ಒಪ್ಪಲ್ಲ.

ಹಿತ್ತಲಗಿಡ_ಮೈಸೂರು
ಅಯ್ಯೋ, ಇದು ನನ್ನ ತಲೆಗೇ ಹೊಳೆದಿರಲಿಲ್ಲ. ದಿನಾ ಸಾಬೂನು ನೀರು ಹೋಗೋದು ಅಲ್ಲಿಗೇ. ಅಲ್ಲಿಯ ಗಿಡ ಹೂವಿಗೆ ಮಾತ್ರ ಇರಲಿ. ತಿನ್ನುವ ಜಾತಿ ಸಿಕ್ಕರೆ ಬೇರೆ ಜಾಗದಲ್ಲಿ ಹಾಕುತ್ತೀನಿ. ಎಲ್ಲಿ ಸಿಗುತ್ತೆ?

ನಾಗರಬಾವಿ_ತಾರಸಿ
ನರ್ಸರಿಯಲ್ಲಿ ಕೇಳಿದರೆ ಹೂವಿನದ್ದನ್ನೇ ಕೊಡುತ್ತಾರೆ. ನಾನು ಹಾಗೇ ಒಂದು ಸಲ ಮೋಸ ಹೋದೆ. "ತಿನ್ನೋದೇ ಮೇಡಂ" ಅಂತ ಕೊಟ್ಟರು, ಎಂಟು ತಿಂಗಳು ಸಾಕಿದ ಮೇಲೆ ದೊಡ್ಡ ಗುಲಾಬಿ ಬಣ್ಣದ ಹೂ ಬಿಡ್ತು, ಗಡ್ಡೆ ಬೆರಳಿನಷ್ಟು. ಇನ್ನೊಂದು, ನರ್ಸರಿಯಿಂದ ತಂದ ಗಿಡಕ್ಕೆ ಏನೇನು ಔಷಧ ಹೊಡೆದಿರುತ್ತಾರೋ. ತಂದ ಗಡ್ಡೆ ನೇರ ಅಡುಗೆಮನೆಗೆ ಹೋಗಬಾರದು. ನೆಟ್ಟು, ಅದರ ಮರಿಗಡ್ಡೆ ಬಂದ ಮೇಲೆ ತಿನ್ನಿ.

ಜೋಯಿಡಾ_ಕಾಡಂಚು
ನಮ್ಮ ಜೋಯಿಡಾದಲ್ಲಿ ಕುಣಬಿ ಸಮಾಜದವರು ಗಡ್ಡೆ ಗೆಣಸು ಮೇಳ ಮಾಡುತ್ತಾರೆ. ಮುಡ್ಲಿ, ಕೋನ, ನಾನಾ ಬಗೆಯ ಹೆಗ್ಗೆಣಸು ಎಲ್ಲ ಅಂಗಳದ ತುಂಬ ಇಟ್ಟಿರುತ್ತಾರೆ. ಒಂದೊಂದು ಗಡ್ಡೆ ಎತ್ತೋಕೆ ಇಬ್ಬರು ಬೇಕು. ಬೀಜದ ಗಡ್ಡೆ ಕೊಡು ಕೊಳ್ಳೋದೂ ನಡೆಯುತ್ತೆ. ಒಮ್ಮೆ ಬನ್ನಿ, ಬಂದವರಲ್ಲಿ ಯಾರ ಹತ್ತಿರವಾದರೂ ಇದ್ದೇ ಇರುತ್ತೆ. ನನಗೂ ಐದು ವರ್ಷದ ಹಿಂದೆ ಕೇರಳದಿಂದ ಬಂದಿದ್ದ ಒಬ್ಬರಿಂದ ಹೀಗೇ ಎರಡು ತುಂಡು ಸಿಕ್ಕಿದ್ದು. ಈಗ ಬೇಲಿ ಉದ್ದಕ್ಕೂ ಅದೇ.

ಬೆಳೆಯೋದು ಕಷ್ಟ ಇಲ್ಲ. ಎರಡು ಕಣ್ಣಿರುವ ತುಂಡು ಸಾಕು. ನಾಲ್ಕೈದು ಇಂಚು ಆಳಕ್ಕೆ, ಗಿಡದಿಂದ ಗಿಡಕ್ಕೆ ಎರಡಡಿ ಬಿಟ್ಟು ನೆಡಿ. ಮೇ ಕೊನೆಯಲ್ಲಿ, ಮಳೆ ಹಿಡಿಯೋ ಮೊದಲು ಹಾಕಿದರೆ ಜುಲೈಗೆ ಸೊಂಟದೆತ್ತರ. ಗೊಬ್ಬರ ಎಷ್ಟು ಕೊಟ್ಟರೂ ತಿನ್ನುತ್ತೆ. ಬಿಸಿಲು ಬೇಕು, ಅಡಿಕೆ ಮರದ ನೆರಳಲ್ಲಿ ಎಲೆ ಬರುತ್ತೆ, ಗಡ್ಡೆ ಬರಲ್ಲ. ನೀರು ಬಿಟ್ಟರೂ ಸಾಯಲ್ಲ, ಆದರೆ ಗಡ್ಡೆ ಸೊರಗುತ್ತೆ.

ನಮಗೆ ಕಾಟ ಅಂದರೆ ಕಾಡುಹಂದಿ, ಮುಳ್ಳುಹಂದಿ. ಹೋದ ವರ್ಷ ದೀಪಾವಳಿ ಹಿಂದಿನ ರಾತ್ರಿ ಒಂದು ಸಾಲು ಪೂರ್ತಿ ಬುಡಮೇಲು. ಬೆಳಿಗ್ಗೆ ಹೋಗಿ ನೋಡಿದರೆ ಎಲೆ ಎಲ್ಲ ಹಾಗೇ ನೆಲಕ್ಕೆ ಮಲಗಿದೆ, ಅಡಿಯಲ್ಲಿ ಗಡ್ಡೆ ಒಂದೂ ಇಲ್ಲ, ಮಣ್ಣಿನ ಮೇಲೆ ಎರಡು ಮುಳ್ಳು ಬಿದ್ದಿದ್ದವು. ಕಣ್ಣಲ್ಲಿ ನೀರು ಬಂತು.

ತೀರ್ಥಹಳ್ಳಿ_ಮಳೆ
ನಮ್ಮಲ್ಲಿ ಹಂದಿಗಿಂತ ಬಸವನಹುಳ ಜಾಸ್ತಿ. ಎಳೆ ಮೊಳಕೆ ಬಂದ ರಾತ್ರಿಯೇ ಕಟಾವು. ಬೆಳಗಿನ ಜಾವ ಟಾರ್ಚ್ ಹಿಡಿದು ಹೆಕ್ಕಿ ಉಪ್ಪು ನೀರಿಗೆ ಹಾಕೋದು ಬಿಟ್ಟರೆ ಬೇರೆ ದಾರಿ ಸಿಕ್ಕಿಲ್ಲ. ಆಮೇಲೆ ಎಲೆ ಸುತ್ತಿಕೊಂಡು ಒಳಗೆ ಕೂರೋ ಹಸಿರು ಹುಳ ಒಂದಿದೆ. ಸುರುಳಿ ಬಿಚ್ಚಿ ಹಿಸುಕಿದರೆ ಆಯ್ತು, ಔಷಧ ಯಾಕೆ.

ನಾಗರಬಾವಿ_ತಾರಸಿ
ತಾರಸಿಯವರಿಗೆ ಹೇಳ್ತೀನಿ, ಸಣ್ಣ ಗ್ರೋ ಬ್ಯಾಗ್ ಬೇಡ. ನಾನು 12 ಇಂಚಿನ ಚೀಲಕ್ಕೆ ಹಾಕಿ ಚೀಲವೇ ಹರಿಯಿತು. ಈಗ ನೀಲಿ ಡ್ರಮ್ ಅರ್ಧ ಕತ್ತರಿಸಿ ಹಾಕಿದ್ದೀನಿ, ಅದರಲ್ಲಿ ಎರಡು ತುಂಡು ಧಾರಾಳ. ಗಾಳಿಗೆ ಬೀಳುತ್ತೆ, ಮೂಲೆಯಲ್ಲಿಡಿ.

ಸೊಪ್ಪಿನಬೆಟ್ಟ_ಸಿರಸಿ
ಕೀಳೋ ಹೊತ್ತಿನ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಮೂಲ ಪ್ರಶ್ನೆಯ ಉತ್ತರ ಅರ್ಧ ಅಲ್ಲೇ ಇದೆ. ಬೇಯಿಸಿ ತಿನ್ನೋದಾದರೆ ಆರರಿಂದ ಎಂಟು ತಿಂಗಳು, ಅಷ್ಟೇ. ಆಗ ಗಡ್ಡೆ ಎಳಸು, ಮೇಲಿನ ಪೊರೆ ಕೈಯಲ್ಲೇ ಸುಲಿಯುತ್ತೆ. ಬುಡದ ಹೊರಸುತ್ತಿನಲ್ಲಿ ಹೊಸದಾಗಿ ಬಂದ, ಕೆಂಪು ಮೂತಿಯ ಗಡ್ಡೆ ಮಾತ್ರ ಆರಿಸಿ. ಮಧ್ಯದ ಹಳೇ ಗಡ್ಡೆ ಹಿಟ್ಟಿಗೆ. ಐದಾರು ವರ್ಷದ ಪೊದೆಯಿಂದ ತೆಗೆದು ಬೇಯಿಸಿದರೆ ಯಾವ ಜಾತಿಯಾದರೂ ನಾರೇ.

ಮತ್ತೆ 4 ವಿಷಲ್ ಸಾಲಲ್ಲ. ಇದು ಆಲೂಗಡ್ಡೆ ಅಲ್ಲ. ನಾನು ಸೌದೆ ಒಲೆಯಲ್ಲಿ ಒಂದೂವರೆ ತಾಸು ಬೇಯಿಸುತ್ತೀನಿ. ಕುಕ್ಕರ್ ಆದರೆ 8-10 ಕೂಗು, ಆಮೇಲೆ ಸಣ್ಣ ಉರಿಯಲ್ಲಿ ಒಂದಿಷ್ಟು ಹೊತ್ತು. ಬೆಂದಿದೆ ಅಂತ ಹೇಗೆ ಗೊತ್ತಾಗುತ್ತೆ ಅಂದರೆ, ಬಿಳಿ ಹೋಗಿ ಗಾಜಿನ ತರ ಆಗುತ್ತೆ. ಮಧ್ಯ ಬಿಳಿ ಚುಕ್ಕೆ ಉಳಿದಿದ್ದರೆ ಇನ್ನೂ ಬೇಯಬೇಕು.

ಧಾರವಾಡ_ಎರೆಮಣ್ಣು
ರುಚಿ ಹೆಂಗಿರತೈತಿ ಅಂತ ಯಾರರ ಖರೇ ಹೇಳ್ರಿ. ಗೆಣಸಿಗೆ ಹೋಲಿಸಿದರೆ?

ಸೊಪ್ಪಿನಬೆಟ್ಟ_ಸಿರಸಿ
ಗೆಣಸಿನಷ್ಟು ಸಿಹಿ ಇಲ್ಲ. ಹಿಟ್ಟು ಹಿಟ್ಟೂ ಅಲ್ಲ, ಸ್ವಲ್ಪ ಲೋಳೆ. ನನಗೆ ಬೆಂದ ಗಡ್ಡೆಯನ್ನು ಹೋಳು ಮಾಡಿ ಕೊಬ್ಬರಿ ಎಣ್ಣೆ, ಸಾಸಿವೆ, ಒಣಮೆಣಸು, ಕಾಯಿತುರಿ ಹಾಕಿ ಪಲ್ಯ ಮಾಡಿದರೆ ಇಷ್ಟ. ಕೆಂಡದಲ್ಲಿ ಸುಟ್ಟರೆ ಇನ್ನೂ ಒಳ್ಳೆಯದು, ಲೋಳೆ ಕಮ್ಮಿ ಆಗುತ್ತೆ, ಬೆಲ್ಲ ಕಚ್ಚಿಕೊಂಡು ತಿನ್ನಬಹುದು.

ಪುತ್ತೂರು_ತೋಟ
ನಾನು ಇನ್ನೂ ಹೇಳ್ತೀನಿ, ಹಿಟ್ಟು ತೆಗೆಯೋದೇ ಇದರ ಸರಿಯಾದ ಬಳಕೆ. ಬೇಯಿಸಿ ಅಗಿದು ಉಗಿಯೋದು ಯಾಕೆ?

ಸೊಪ್ಪಿನಬೆಟ್ಟ_ಸಿರಸಿ
ಉಗಿಯೋ ಗಡ್ಡೆ ನೀವು ತಿಂದಿದ್ದೀರಿ, ನಾನು ತಿಂದಿಲ್ಲ. ಏಳು ತಿಂಗಳ ಗಡ್ಡೆ ಒಮ್ಮೆ ತಿಂದು ಆಮೇಲೆ ಮಾತಾಡಿ. ಆದರೆ ಹಿಟ್ಟಿನ ವಿಷಯ ಬಂದದ್ದಕ್ಕೆ ನಮ್ಮ ಮನೆಯಲ್ಲಿ ಹೋದ ಫೆಬ್ರವರಿಯಲ್ಲಿ ಮಾಡಿದ್ದು ಬರೆಯುತ್ತೀನಿ.

ಹತ್ತು ತಿಂಗಳ ಗಡ್ಡೆ, ತೂಕ ಮಾಡಿದೆ, 5 ಕೆಜಿ. ಬೇರು ಕಿತ್ತು, ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಸಿಪ್ಪೆ ಹೆರೆದೆ. ಸಿಪ್ಪೆ ಬಿಟ್ಟರೆ ಹಿಟ್ಟಿಗೆ ಕಂದು ಬಣ್ಣ ಬರುತ್ತೆ. ಸಣ್ಣ ಹೋಳು ಮಾಡಿ ನೀರು ಹಾಕಿ ಮಿಕ್ಸಿಯಲ್ಲಿ ತಿರುವಿದೆ. ಅಮ್ಮನ ಕಾಲದಲ್ಲಿ ಕೂವೆಯನ್ನು ಒರಟು ಕಲ್ಲಿನ ಮೇಲೆ ತೇಯುತ್ತಿದ್ದರು, ಕೈಯ ಚರ್ಮವೂ ಹೋಗುತ್ತಿತ್ತು. ರುಬ್ಬಿದ್ದನ್ನು ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ ದೊಡ್ಡ ಪಾತ್ರೆಗೆ ಇಳಿಸಿದೆ. ಚರಟಕ್ಕೆ ಮತ್ತೆ ನೀರು ಹಾಕಿ ಹಿಂಡಬೇಕು, ಮೂರು ಸಲವಾದರೂ. ನೀರು ತಿಳಿಯಾಗುವ ತನಕ.

ಕೂವೆ ಹಿಟ್ಟು ತಳಕ್ಕೆ ಕೂರೋಕೆ ರಾತ್ರಿ ಪೂರ್ತಿ ಬೇಕು. ಇದು ಹಾಗಲ್ಲ. ಅಡುಗೆಮನೆ ಕಸ ಗುಡಿಸಿ ಬರೋದರೊಳಗೆ ಅಡಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಮೇಲಿನ ಕೆಂಚು ನೀರು ಚೆಲ್ಲಿ, ಹೊಸ ನೀರು ಹಾಕಿ ಕಲಕಿ, ಮತ್ತೆ ಕೂರಿಸಿದೆ. ನಾಲ್ಕನೇ ನೀರಿಗೆ ಬೆಳ್ಳಗಾಯಿತು. ಪಾತ್ರೆ ವಾರೆ ಮಾಡಿದರೆ ಹಿಟ್ಟು ಅಲುಗಲ್ಲ, ಚಮಚದಲ್ಲಿ ಕೆರೆದು ತೆಗೆಯಬೇಕು. ಬೆರಳ ಮಧ್ಯೆ ಹಿಡಿದರೆ ಕರಕರ ಅನ್ನುತ್ತೆ. ಬಿಸಿಲಿಗೆ ಬಟ್ಟೆ ಮೇಲೆ ಹರವಿದಾಗ ಅದು ಮಿನುಗುತ್ತೆ, ಸಣ್ಣ ಅಭ್ರಕದ ಪುಡಿ ಚೆಲ್ಲಿದ ಹಾಗೆ. ನನ್ನ ಮಗಳು ಅರ್ಧ ಗಂಟೆ ಅದರ ಮುಂದೆ ಕೂತು ಬೆರಳಲ್ಲಿ ಗೆರೆ ಎಳೆಯುತ್ತಿದ್ದಳು. ಮೂರು ದಿನ ಒಣಗಿದ ಮೇಲೆ 600 ಗ್ರಾಂ.

ಬಾಟನಿ_ಮೇಷ್ಟ್ರು
ಆ ಮಿನುಗಿಗೆ ಕಾರಣ ಇದೆ. ಗಿಡಗಳ ಪಿಷ್ಟದಲ್ಲಿ ಕ್ಯಾನಾದ ಕಣಗಳು ಬಹಳ ದೊಡ್ಡವು. ಅಕ್ಕಿಯ ಕಣ 10 ಮೈಕ್ರಾನ್ ಒಳಗೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಕ್ಯಾನಾದಲ್ಲಿ 100 ಮೈಕ್ರಾನ್ ಮುಟ್ಟುವ ಕಣಗಳಿರುತ್ತವೆ, ಬರಿಗಣ್ಣಿಗೆ ಚುಕ್ಕೆ ತರ ಕಾಣೋದು ಅದಕ್ಕೇ. ದೊಡ್ಡದು, ಭಾರ, ಹಾಗಾಗಿ ಬೇಗ ತಳ ಸೇರುತ್ತೆ. ಮನೆಯಲ್ಲಿ ಹಿಟ್ಟು ತೆಗೆಯೋರಿಗೆ ಇದಕ್ಕಿಂತ ಸುಲಭದ ಗಡ್ಡೆ ಇಲ್ಲ ಅಂತ ನನ್ನ ನಂಬಿಕೆ.

ಬ್ರಿಸ್ಬೇನ್_ಕನ್ನಡತಿ
ಇದನ್ನೆಲ್ಲ ಓದಿ ಖುಷಿ ಆಯ್ತು. ನಾನಿರೋ ಕಡೆ ಇದು ಬೇಲಿ ಬೇಲಿಯಲ್ಲಿ ಬೆಳೆಯುತ್ತೆ. ಬ್ರಿಸ್ಬೇನಿಂದ ಗೋಲ್ಡ್ ಕೋಸ್ಟಿಗೆ ಹೋಗೋ ದಾರಿಯಲ್ಲಿ ಪಿಂಪಾಮಾ ಅಂತ ಊರು. ಅಲ್ಲಿ 19ನೇ ಶತಮಾನದಲ್ಲಿ ಇದರ ಹಿಟ್ಟಿನ ಗಿರಣಿಗಳಿದ್ದವು. ಆರಾರೂಟ್ ಬಿಸ್ಕತ್ತಿಗೆ ಇದೇ ಹಿಟ್ಟು ಹೋಗುತ್ತಿತ್ತು. ಈಗ ಇಲ್ಲಿಯವರು ಹೆಚ್ಚಾಗಿ ತಿನ್ನಲ್ಲ. ಎಲೆ ಕತ್ತರಿಸಿ ಹಣ್ಣಿನ ಗಿಡದ ಬುಡಕ್ಕೆ ಮುಚ್ಚಿಗೆ ಹಾಕುತ್ತಾರೆ, ಕೋಳಿಗೆ ಹಾಕುತ್ತಾರೆ.

ತಿನ್ನೋರು ಅಂದರೆ ನಮ್ಮ ಪಕ್ಕದ ಮನೆಯ ವಿಯೆಟ್ನಾಂ ಅಜ್ಜಿ. ಉತ್ತರ ವಿಯೆಟ್ನಾಮಿನಲ್ಲಿ ಈ ಹಿಟ್ಟಿಂದ ಶ್ಯಾವಿಗೆ ಮಾಡುತ್ತಾರೆ, ಮಿಯೆನ್ ದೊಂಗ್ ಅಂತ ಹೆಸರು. ಬೆಂದರೆ ಗಾಜಿನ ಎಳೆ ತರ, ಎಷ್ಟು ಕುದಿಸಿದರೂ ಮುದ್ದೆ ಆಗಲ್ಲ. ಅಂಗಡಿಯ ಪ್ಯಾಕೆಟ್ ತಂದು ನಾನು ಒಗ್ಗರಣೆ, ನಿಂಬೆಹುಳಿ ಹಾಕಿ ಶ್ಯಾವಿಗೆ ಚಿತ್ರಾನ್ನ ಮಾಡಿದೆ, ಮನೆಯಲ್ಲಿ ಎಲ್ಲರೂ ಎರಡನೇ ಸಲ ಬಡಿಸಿಕೊಂಡರು.

ಪುತ್ತೂರು_ತೋಟ
ಶ್ಯಾವಿಗೆ! ನಮ್ಮ ಮರದ ಒರಳಲ್ಲಿ ಒತ್ತಿದರೆ ಬರುತ್ತಾ?

ಬ್ರಿಸ್ಬೇನ್_ಕನ್ನಡತಿ
ಬರೀ ಹಿಟ್ಟು ಕಲಸಿದರೆ ಬರಲ್ಲ. ಒಂದು ಪಾಲು ಹಿಟ್ಟನ್ನು ಮೊದಲು ಗಂಜಿ ಕಾಯಿಸಿ, ಅದಕ್ಕೆ ಉಳಿದ ಹಿಟ್ಟು ಸೇರಿಸಿ ನಾದಬೇಕು ಅಂತ ಅಜ್ಜಿ ತೋರಿಸಿದರು. ನಾನು ಒತ್ತಿ ನೋಡಿಲ್ಲ. ನೀವು ನೋಡಿ ಹೇಳಿ.

ಮಂಡ್ಯ_ಕಬ್ಬು
ಈ ಹಿಟ್ಟು ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ವಾಟ್ಸಾಪಲ್ಲಿ ಬಂದಿತ್ತು. ಅಪ್ಪನಿಗೆ ಕೊಡಬಹುದಾ?

ಬಾಟನಿ_ಮೇಷ್ಟ್ರು
ಬೇಡ. ಹಿಟ್ಟು ಅಂದರೆ ಅಪ್ಪಟ ಪಿಷ್ಟ. ಗಂಜಿ ಮಾಡಿ ಕುಡಿದರೆ ಸಕ್ಕರೆ ಏರೋದೇ. ಹೊಟ್ಟೆಗೆ ಹಗುರ ಅನ್ನೋದು ನಿಜ, ಸಕ್ಕರೆಗೆ ಒಳ್ಳೆಯದು ಅಂತ ಹೇಳೋದು ಬೇರೆ ಮಾತು. ಅಪ್ಪನ ಡಾಕ್ಟರನ್ನೇ ಕೇಳಿ.

ನಾಗರಬಾವಿ_ತಾರಸಿ
ಅಂಗಡಿ ಆರಾರೂಟ್ ಬಗ್ಗೆ ಒಂದು ಮಾತು. ಪ್ಯಾಕೆಟ್ ಮೇಲೆ ಆರಾರೂಟ್ ಅಂತ ಇದ್ದದ್ದೆಲ್ಲ ಆರಾರೂಟ್ ಅಲ್ಲ. ಮೆಕ್ಕೆಜೋಳದ ಹಿಟ್ಟು, ಮರಗೆಣಸಿನ ಹಿಟ್ಟು ಅದೇ ಹೆಸರಲ್ಲಿ ಬರುತ್ತೆ. ಮಗುವಿಗೆ ಅಂತ ತರೋರು ಹಿಂದಿನ ಸಣ್ಣ ಅಕ್ಷರ ಓದಿ.

ಕುಂದಾಪ್ರ_ಕಡಲು
ಎಲೆ ಬಗ್ಗೆ ಯಾರೂ ಮಾತಾಡಲಿಲ್ಲ. ನಾಗರಪಂಚಮಿಗೆ ಅರಿಶಿನ ಎಲೆ ಸಿಗದೆ ಹೋದ ವರ್ಷ ಕಾಬಾಳೆ ಎಲೆಯಲ್ಲಿ ಕಡುಬು ಬೇಯಿಸಿದೆ. ಅರಿಶಿನ ಎಲೆಯ ಪರಿಮಳ ಇಲ್ಲ, ಅದು ಎಲ್ಲಿ ಬರಬೇಕು. ಆದರೆ ಎಲೆ ಹರಿಯಲ್ಲ, ಬಾಡಿಸದೆಯೂ ಮಡಚಬಹುದು. ಕಡುಬು ಅಂಟದೆ ಎದ್ದು ಬಂತು.

ಬಾಟನಿ_ಮೇಷ್ಟ್ರು
ಈಕ್ವೆಡಾರ್ ದೇಶದಲ್ಲೂ ಅದನ್ನೇ ಮಾಡುತ್ತಾರೆ. ಕಿಂಬೊಲಿತೊ ಅಂತ ಸಿಹಿ ಕಡುಬು, ಸುತ್ತೋದು ಅಚಿರಾ ಎಲೆಯಲ್ಲೇ.

ತೀರ್ಥಹಳ್ಳಿ_ಮಳೆ
ಬೀಜ ನೆನಪಿದೆಯಾ ಯಾರಿಗಾದರೂ? ಮುಳ್ಳು ಮುಳ್ಳು ಕಾಯಿ, ಒಳಗೆ ಕರೀ ಗುಂಡು. ಹುಡುಗರೆಲ್ಲ ಜೇಬು ತುಂಬ ಇಟ್ಟುಕೊಳ್ಳುತ್ತಿದ್ದೆವು. ಹಲ್ಲಲ್ಲಿ ಕಚ್ಚಿದರೆ ಹಲ್ಲೇ ಹೋಗಬೇಕು, ಅಷ್ಟು ಗಟ್ಟಿ.

ಬಾಟನಿ_ಮೇಷ್ಟ್ರು
ಅದಕ್ಕೇ ಇಂಗ್ಲಿಷರು ಇಂಡಿಯನ್ ಶಾಟ್ ಅಂದದ್ದು, ಬಂದೂಕಿನ ಗುಂಡಿನ ಹಾಗೆ ಅಂತ. ಅರ್ಜೆಂಟೀನಾದಲ್ಲಿ ಹಳೇ ಗೋರಿಯೊಂದರಲ್ಲಿ ಗಿಲಕಿಯ ಒಳಗೆ ಸಿಕ್ಕ ಬೀಜ, ಸುಮಾರು 600 ವರ್ಷ ಹಳೆಯದು, ಮೊಳೆತಿತ್ತು. 1971ರಲ್ಲಿ ಅದರ ವರದಿ ಬಂತು. ನೀವು ಬೀಜದಿಂದ ಬೆಳೆಸೋದಾದರೆ ಸಿಪ್ಪೆಯನ್ನು ಒಂದು ಕಡೆ ಬಿಳಿ ಕಾಣುವ ತನಕ ಮರಳು ಕಾಗದದಲ್ಲಿ ಉಜ್ಜಿ, ಒಂದು ರಾತ್ರಿ ನೆನೆಸಿ. ಇಲ್ಲದಿದ್ದರೆ ಅದು ತನಗೆ ಬೇಕಾದಾಗ ಏಳುತ್ತೆ.

ಜೋಯಿಡಾ_ಕಾಡಂಚು
ಮೈಸೂರಿನ ಅಕ್ಕ, ಮೇ ತಿಂಗಳಲ್ಲಿ ನಮ್ಮ ಊರಿನವರೊಬ್ಬರು ಮೈಸೂರಿಗೆ ಬರೋರಿದ್ದಾರೆ. ನಾಲ್ಕು ತುಂಡು ಕಳಿಸುತ್ತೀನಿ. ದುಡ್ಡು ಬೇಡ. ಮುಂದಿನ ವರ್ಷ ನೀವು ಇನ್ನಿಬ್ಬರಿಗೆ ಕೊಡಿ.

ಹಿತ್ತಲಗಿಡ_ಮೈಸೂರು
ಅಣ್ಣಾ, ಖಂಡಿತ ಕೊಡ್ತೀನಿ. ಬಿಸಿಲು ಬೀಳೋ ಪೂರ್ವದ ಗೋಡೆ ಬದಿ ಜಾಗ ಇವತ್ತೇ ಅಗೆದು ಕೊಟ್ಟಿಗೆ ಗೊಬ್ಬರ ಹಾಕಿಡ್ತೀನಿ.

*(ಎಂಟು ತಿಂಗಳ ನಂತರ)*

ಹಿತ್ತಲಗಿಡ_ಮೈಸೂರು
ಹಳೇ ಚರ್ಚೆ ಮತ್ತೆ ಎತ್ತುತ್ತಿದ್ದೀನಿ, ಹೇಳಲೇಬೇಕು ಅನ್ನಿಸಿತು. ಜೋಯಿಡಾ ಅಣ್ಣ ಕಳಿಸಿದ ನಾಲ್ಕೂ ತುಂಡು ಚಿಗುರಿದವು. ಆಗಸ್ಟಿನಲ್ಲಿ ನನ್ನ ತಲೆ ಮೀರಿ ಬೆಳೆದವು. ಹೂ ಮೇಷ್ಟ್ರು ಹೇಳಿದ ಹಾಗೇ, ಸಪೂರ, ಕೆಂಪು. ಸೂರಕ್ಕಿ ದಿನಾ ಬರುತ್ತೆ.

ನಿನ್ನೆ ಒಂದು ಬುಡ ಅಗೆದೆ. ಸಿರಸಿಯವರು ಹೇಳಿದ ಹಾಗೆ ಹೊರಸುತ್ತಿನ ಕೆಂಪು ಮೂತಿಯದ್ದನ್ನೇ ಆರಿಸಿದೆ. ಒಂದೊಂದು ನನ್ನ ಮುಷ್ಟಿಗಿಂತ ದೊಡ್ಡದು. ಸಿಪ್ಪೆ ಈರುಳ್ಳಿ ಸಿಪ್ಪೆ ತರ ಬಂತು, ಒಳಗೆ ಹಾಲಿನ ಬಿಳಿ. 10 ವಿಷಲ್, ಆಮೇಲೆ ಸಣ್ಣ ಉರಿ 20 ನಿಮಿಷ. ಒಂದು ತುಂಡಿನ ಮಧ್ಯ ಇನ್ನೂ ಬಿಳಿ ಚುಕ್ಕೆ ಇತ್ತು, ಮತ್ತೆ ಇಟ್ಟೆ. ಆಮೇಲೆ ಪೂರ್ತಿ ಗಾಜು. ಕಾಯಿತುರಿ ಒಗ್ಗರಣೆ ಹಾಕಿ ಪಲ್ಯ ಮಾಡಿದೆ. ನಾರು ಇಲ್ಲವೇ ಇಲ್ಲ ಅನ್ನಲ್ಲ, ಬುಡದ ಕಡೆ ಸ್ವಲ್ಪ ಇತ್ತು. ಉಳಿದದ್ದು ಮೆತ್ತಗೆ. ದೊಡ್ಡ ಮಗ ಚಪಾತಿ ಜೊತೆ ತಿಂದ. ಚಿಕ್ಕವಳಿಗೆ ಆ ಲೋಳೆ ಹಿಡಿಸಲಿಲ್ಲ. ಅತ್ತೆ ಮೊದಲು ಮೂಗು ಮುರಿದು, ಆಮೇಲೆ ಬೆಲ್ಲ ಕೇಳಿದರು.

ಈಗ ಇನ್ನೂ ಮೂರು ಬುಡ ಇದೆ. ಒಟ್ಟಿಗೆ ಕಿತ್ತು ಮನೆಯೊಳಗೆ ಇಡಬಹುದಾ, ಗೆಣಸಿನ ತರ?

ಸೊಪ್ಪಿನಬೆಟ್ಟ_ಸಿರಸಿ
ಓದಿ ಮನಸ್ಸು ತುಂಬಿತು. ಮನೆಯೊಳಗೆ ಇಡಬೇಡಿ, ಒಂದೆರಡು ವಾರದಲ್ಲಿ ಒಣಗಿ ಗಟ್ಟಿಯಾಗುತ್ತೆ. ನೆಲವೇ ಅದರ ಉಗ್ರಾಣ. ಬೇಕಾದಷ್ಟು ಕೀಳಿ. ಒಂದು ಬುಡವನ್ನು ಮಾರ್ಚ್ ತನಕ ಬಿಟ್ಟು ಹಿಟ್ಟು ತೆಗೆಯಿರಿ, ಬೇಸಿಗೆಗೆ ಆಗುತ್ತೆ.

ಜೋಯಿಡಾ_ಕಾಡಂಚು
ಅಕ್ಕ, ಕಿತ್ತ ಬುಡದ ಮೂತಿ ಎಲ್ಲ ಬೇಯಿಸಿಬಿಟ್ಟಿಲ್ಲ ತಾನೇ? ದಂಟು ಒಂದು ಗೇಣು ಬಿಟ್ಟು ಕತ್ತರಿಸಿ, ಗಡ್ಡೆಯ ತುದಿ ಮಣ್ಣಿಗೆ ವಾಪಸ್ ಇಡಿ. ಹೆಗ್ಗಣ ಇದ್ದರೆ ಸುತ್ತ ಬೇಲಿ ಮುಳ್ಳು ಹಾಕಿ.

ಹಿತ್ತಲಗಿಡ_ಮೈಸೂರು
ಮೂರು ಮೂತಿ ಎತ್ತಿಟ್ಟಿದ್ದೀನಿ, ಒದ್ದೆ ಗೋಣಿಯಲ್ಲಿ ಸುತ್ತಿ. ಒಂದು ನನಗೆ. ಎರಡು ಯಾರಿಗೆ ಬೇಕು ಹೇಳಿ, ಮೈಸೂರಿನವರಾದರೆ ಬಂದು ತಗೊಂಡು ಹೋಗಬಹುದು.

ಹಾಸನದ_ಹುಡುಗ
ಅಕ್ಕ, ಒಂದು ನನಗೆ ಇಡಿ. ಶನಿವಾರ ಮೈಸೂರಿಗೆ ಬರ್ತಿದ್ದೀನಿ.